ಅಪ್ಪನ ರಕ್ತ, ಅಮ್ಮನ ಟಾನಿಕ್

ಬಿಸಿನೀರಿನ ಸ್ನಾನ ಮುಗಿಸಿ ಬಂದ್ರೆ ಸಾಕು, ಅಪ್ಪನಿಗೆ ಮೈಯೆಲ್ಲ ತುರಿಕೆ. ಎರಡು ವರ್ಷ ನಾವು ಸೋಪು ಬದಲಿಸಿದ್ದೇ ಬದಲಿಸಿದ್ದು. ಕೊನೆಗೆ ಬೇರೇನಕ್ಕೋ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 19 ಅಂತ ಬಂತು. "ನೋಡು, ಈ ವಯಸ್ಸಲ್ಲೂ ಎಷ್ಟು ರಕ್ತ ಇದೆ!" ಅಂತ ಅಮ್ಮನಿಗೆ ಖುಷಿ.

ಅದು ಪಾಲಿಸೈಥೀಮಿಯಾ ವೀರಾ. ಮೂಳೆಮಜ್ಜೆ ಬೇಕಾದ್ದಕ್ಕಿಂತ ಹೆಚ್ಚು ಕೆಂಪು ರಕ್ತಕಣ ತಯಾರಿಸುವ, ನಿಧಾನವಾಗಿ ಸಾಗುವ ರಕ್ತದ ಕ್ಯಾನ್ಸರ್. ಬಹುತೇಕ ರೋಗಿಗಳಲ್ಲಿ ಜಾಕ್2 ಎಂಬ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ ಎಂದು ತಿಳಿದದ್ದು 2005ರಲ್ಲಿ. ಒಂದಕ್ಷರ ತಪ್ಪಿ ಲೂಪ್ ನಿಲ್ಲದೆ ಓಡೋದು ನನ್ನ ಕೆಲಸದಲ್ಲಿ ಮಾಮೂಲು. ಅಲ್ಲಾದ್ರೆ ರೀಸ್ಟಾರ್ಟ್ ಇದೆ.

ಅಪ್ಪನಿಗೆ ಇನ್ನೂ ಅರವತ್ತಾಗಿಲ್ಲ, ಹಿಂದೆಂದೂ ರಕ್ತ ಹೆಪ್ಪುಗಟ್ಟಿಲ್ಲ. ಹಾಗಾಗಿ ಸಣ್ಣ ಡೋಸಿನ ಆಸ್ಪಿರಿನ್, ಜೊತೆಗೆ ಆಗಾಗ ರಕ್ತ ತೆಗೆಯೋದು ಅಂದ್ರು ಡಾಕ್ಟರು. ಯಾವ ಕಾಲದ ವೈದ್ಯ ಇದು ಅನ್ನಿಸಿತು ನನಗೆ. ಆದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, 45ಕ್ಕಿಂತ ಕೆಳಗಿರಬೇಕು. 2013ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ, 45ರಿಂದ 50ರ ನಡುವೆ ಇಟ್ಟವರಲ್ಲಿ ಹೃದಯ-ರಕ್ತನಾಳದ ಸಾವು ಮತ್ತು ದೊಡ್ಡ ಹೆಪ್ಪುಗಟ್ಟುವಿಕೆ ಸುಮಾರು ನಾಲ್ಕು ಪಟ್ಟು ಹೆಚ್ಚಿತ್ತು. ತೆಗೆದ ರಕ್ತವನ್ನು ಎಸೆಯುತ್ತಾರೆಂದು ಗೊತ್ತಾದಾಗ ಅಪ್ಪನಿಗೆ ಬೇಜಾರು. "ಯಾರಿಗಾದ್ರೂ ಕೊಡ್ಬಾರ್ದೇನೋ?"

ವರ್ಷ ಕಳೆಯುವಷ್ಟರಲ್ಲಿ ಅಪ್ಪ ಮೆಟ್ಟಿಲ ಮಧ್ಯೆ ಕೂರತೊಡಗಿದರು. ರಿಪೋರ್ಟಿನಲ್ಲಿ ಕಬ್ಬಿಣಾಂಶ ಪಾತಾಳಕ್ಕಿಳಿದಿತ್ತು. ಅಮ್ಮ ಅಂದೇ ಐರನ್ ಟಾನಿಕ್ ತಂದಳು. ಡಾಕ್ಟರು ತಕ್ಷಣ ನಿಲ್ಲಿಸಿಸಿದ್ರು. ಕಬ್ಬಿಣ ಸಿಗದಿದ್ರೆ ಮಜ್ಜೆ ಕಣ ತಯಾರಿಸಲಾರದು. ರಕ್ತ ತೆಗೆಯುವುದರ ಮರ್ಮವೇ ಅದು. ಸೊಪ್ಪು, ತರಕಾರಿ ಎಂದಿನಂತೆ ತಿನ್ನಲಿ, ಟಾನಿಕ್ ಮಾತ್ರ ನೀವಾಗೇ ಕೊಡಬೇಡಿ ಅಂದ್ರು. ರೋಗ ಹತೋಟಿಗೆ ಬಂದಷ್ಟೂ ಸುಸ್ತು ಜಾಸ್ತಿ! "ಇನ್ನು ನಾನು ಬರಲ್ಲ ಕಣೋ" ಅಂದುಬಿಟ್ರು ಅಪ್ಪ.

ಅವತ್ತು ರಾತ್ರಿ ಓದುತ್ತಾ ಕೂತಾಗ ಸಿಕ್ಕಿದ್ದು ರಸ್‌ಫರ್ಟೈಡ್. ನಮ್ಮ ದೇಹದಲ್ಲೇ ಹೆಪ್ಸಿಡಿನ್ ಎಂಬ ಹಾರ್ಮೋನ್ ಇದೆ, ಕಬ್ಬಿಣದ ಉಗ್ರಾಣಕ್ಕೆ ಕಾವಲುಗಾರ ಅನ್ನಿ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಈ ಔಷಧ ಅದನ್ನೇ ಅನುಕರಿಸುತ್ತದೆ. ಕಬ್ಬಿಣ ದೇಹದಲ್ಲೇ ಉಳಿಯುತ್ತದೆ, ಮಜ್ಜೆಗೆ ಹೋಗುವುದು ಕಡಿಮೆಯಾಗುತ್ತದೆ. 2025ರಲ್ಲಿ ಮಂಡಿಸಿದ ಪ್ರಯೋಗದಲ್ಲಿ, 20ರಿಂದ 32ನೇ ವಾರದವರೆಗೆ ರಕ್ತ ತೆಗೆಯುವ ಅಗತ್ಯವೇ ಬೀಳದವರು ಔಷಧ ಪಡೆದವರಲ್ಲಿ ಶೇ. 77, ಉಳಿದ ಗುಂಪಿನಲ್ಲಿ ಶೇ. 33. ಇದು ರೋಗ ವಾಸಿಮಾಡುವ ಮದ್ದಲ್ಲ. ಅಪ್ಪನ ಕೈಗೆ ಸಿಕ್ಕಿಯೂ ಇಲ್ಲ.

ಆದರೆ ಮುಂದಿನ ಸಲ ಡಾಕ್ಟರ ಹತ್ತಿರ ನಾನು ಬೇರೆ ದಾರಿ ಕೇಳಿದೆ. ರಕ್ತ ತೆಗೆಯೋದು ಒಗ್ಗದವರಿಗೆ ಹೈಡ್ರಾಕ್ಸಿಯೂರಿಯಾ, ಇಂಟರ್‌ಫೆರಾನ್ ಇವೆಯಂತೆ. ಅವೂ ಒಗ್ಗದಿದ್ರೆ ತುರಿಕೆಗೂ ಗುಣ ಕೊಡುವ ರಕ್ಸೊಲಿಟಿನಿಬ್. ಮೊದಲೇ ಯಾಕೆ ಹೇಳಲಿಲ್ಲ ಅಂದಿದ್ದಕ್ಕೆ, "ಸುಸ್ತು ಅಂತ ನಿಮ್ಮಪ್ಪ ಒಂದು ದಿನಾನೂ ಹೇಳಿಲ್ವಲ್ಲ" ಅಂದ್ರು. ಅಪ್ಪ ಫ್ಯಾನ್ ನೋಡ್ತಾ ಕೂತಿದ್ರು.

ಈಗ ಇಂಟರ್‌ಫೆರಾನ್ ಶುರುವಾಗಿದೆ. ಟಾನಿಕ್ ಬಾಟಲಿ ಹಾಗೇ ಇತ್ತು. ಅನುಮಾನ ಬಂದು ಅಮ್ಮನಿಗೂ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 9. ಡಾಕ್ಟರನ್ನ ಕೇಳಿ ಅದೇ ಬಾಟಲಿ ಅವಳ ಮುಂದಿಟ್ಟಿದ್ದೇನೆ.