ನಮ್ಮ ಶಾಲೆಗೊಂದು ದೊಡ್ಡ ಡ್ರಮ್ ಸೆಟ್ಟು

ಹಳೆಯ ವಿದ್ಯಾರ್ಥಿನಿಯರ ಸಂಘದ ಈಚಿನ ಕೂಟದಲ್ಲಿ, ನಮ್ಮ ಶಾಲೆಯ ಬಾಲಿಕೆಯರ ವಾದ್ಯಮೇಳಕ್ಕೆ ದೊಡ್ಡದೊಂದು ಡ್ರಮ್ ಸೆಟ್ಟನ್ನು ಒದಗಿಸಿಕೊಡಬೇಕೆಂಬ ಸೂಚನೆಯು ಬಂದಿತಷ್ಟೆ. ಅದನ್ನು ಕೇಳಿ ಸಂತೋಷಪಟ್ಟವರು ಕೆಲವರು. ಹುಬ್ಬು ಗಂಟಿಕ್ಕಿದವರು ಕೆಲವರು. ಸಂಘದ ಹಣದ ಪೆಟ್ಟಿಗೆಯನ್ನು ನೆನೆದು ನಿಟ್ಟುಸಿರು ಬಿಟ್ಟವರು ಬಹುಮಂದಿ. ಅಂದು ವೇಳೆ ಸಾಲದೆ ಹೇಳದೆ ಉಳಿದ ನಾಲ್ಕು ಮಾತುಗಳನ್ನು ಈ ಸ್ಮರಣ ಸಂಚಿಕೆಯ ಮೂಲಕ ಸೋದರಿಯರ ಮುಂದೆಯೂ ಪೋಷಕರ ಮುಂದೆಯೂ ಇಡಲು ಅಪ್ಪಣೆ ಬೇಡುತ್ತೇನೆ. ನನ್ನ ಅಭಿಪ್ರಾಯವು ಇಷ್ಟೆ: ಸೆಟ್ಟು ಬೇಕು, ದೊಡ್ಡದೇ ಬೇಕು, ಆದರೆ ಅದನ್ನು ಒಂದೇ ದಿನದಲ್ಲಿ ಕೊಳ್ಳಬಾರದು, ವರ್ಷದಿಂದ ವರ್ಷಕ್ಕೆ ಕಟ್ಟಬೇಕು, ಮತ್ತು ಅದರಲ್ಲಿ ನಮ್ಮ ಸೀಮೆಯ ಡೊಳ್ಳಿಗೂ ಹಲಗೆಗೂ ಗೌರವದ ಸ್ಥಾನವಿರಬೇಕು.

ಮೊದಲು ಹುಬ್ಬು ಗಂಟಿಕ್ಕಿದವರಿಗೆ ಉತ್ತರ ಹೇಳುವುದು ಯೋಗ್ಯವು. ಚರ್ಮವಾದ್ಯವು ಹೆಣ್ಣುಮಕ್ಕಳಿಗೆ ಒಪ್ಪುವುದಿಲ್ಲವೆಂದು ಅವರು ಹೇಳುತ್ತಾರೆ. ಹಾಗಾದರೆ ಬೇಲೂರಿನ ಗುಡಿಯಲ್ಲಿ ವಾದ್ಯವನ್ನು ಬಾರಿಸುತ್ತ ನಿಂತಿರುವ ಮದನಿಕೆಯನ್ನು ಶಿಲ್ಪಿಯು ಯಾವ ಧೈರ್ಯದಿಂದ ಕೆತ್ತಿದನು? ಸಮುದ್ರವನ್ನು ದಾಟಿದ ಇಸ್ರಾಯೇಲ್ಯರ ಸ್ತ್ರೀಯರ ಮುಂದೆ ಮಿರ್ಯಾಮಳು ದಮ್ಮಡಿಯನ್ನು ಹಿಡಿದು ನಡೆದಳೆಂಬುದನ್ನು ನಾವೆಲ್ಲರೂ ಇದೇ ಶಾಲೆಯಲ್ಲಿ ಓದಲಿಲ್ಲವೆ? ದೂರಕ್ಕೆ ಹೋಗುವುದೂ ಬೇಡ. ನಮ್ಮ ಬಳ್ಳಾರಿ ಸೀಮೆಯ ದರೋಜಿಯ ಈರಮ್ಮನವರು ಅಕ್ಷರಾಭ್ಯಾಸವಿಲ್ಲದೆಯೇ ಹತ್ತಾರು ಮಹಾಕಥೆಗಳನ್ನು ಕಂಠದಲ್ಲಿ ಧರಿಸಿ, ಚರ್ಮವಾದ್ಯದ ಗತಿಗೆ ಬುರ್ರಕಥೆಯನ್ನು ಹಾಡಿ, 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ನಾಡೋಜ ಪದವಿಯನ್ನು ಪಡೆದರು. ಅವರು 2014ರಲ್ಲಿ ತೀರಿಕೊಂಡಾಗ ನಾಡೇ ಮರುಗಿತು. ಇನ್ನು ಸಮುದ್ರದಾಚೆಗೆ ನೋಡುವುದಾದರೆ, ಅಮೆರಿಕದ ವಯೋಲಾ ಸ್ಮಿತ್ ಎಂಬಾಕೆಯ ಚರಿತ್ರೆಯಿದೆ. ಆಕೆಯ ಅಕ್ಕಂದಿರು ಬೇರೆ ವಾದ್ಯಗಳನ್ನು ಹಿಡಿದ ಮೇಲೆ, ಮಿಕ್ಕುಳಿದ ಡ್ರಮ್ಮು ಆಕೆಯ ಪಾಲಿಗೆ ಬಂದಿತು. ಆಕೆಯು ಅದನ್ನೇ ಬೆಳೆಸಿ, ಅನೇಕ ಡ್ರಮ್ಮುಗಳ ನಡುವೆ ಕುಳಿತು, ಅವುಗಳಲ್ಲಿ ಎರಡನ್ನು ಭುಜದ ಎತ್ತರಕ್ಕೆ ನಿಲ್ಲಿಸಿ ನುಡಿಸುತ್ತಿದ್ದಳು. ಯುದ್ಧಕ್ಕೆ ಹೋದ ಪುರುಷರ ಸ್ಥಾನಗಳಲ್ಲಿ ಸ್ತ್ರೀಯರಿಗೂ ಅವಕಾಶ ಕೊಡಿರೆಂದು 1942ರಲ್ಲಿ ಪತ್ರಿಕೆಗೆ ಬರೆದಳು. 1912ರಲ್ಲಿ ಹುಟ್ಟಿದ ಈಕೆಯು 2020ರವರೆಗೆ, ಅಂದರೆ 107 ವರ್ಷಗಳ ಕಾಲ ಬಾಳಿದಳೆಂಬುದನ್ನು, ಡ್ರಮ್ಮಿನಿಂದ ಮಕ್ಕಳ ಆರೋಗ್ಯ ಕೆಡುವುದೆಂದು ಅಂಜುವ ತಾಯಂದಿರು ಗಮನಿಸಬೇಕಾಗಿ ಬೇಡುತ್ತೇನೆ.

ಎರಡನೆಯದಾಗಿ ಹಣದ ವಿಚಾರ. ಡ್ರಮ್ ಸೆಟ್ಟೆಂಬುದು ಧನಿಕರ ಆಟಿಕೆಯೆಂದು ಅನೇಕರು ತಿಳಿದಿರುವರು. ವಾಸ್ತವವಾಗಿ ಅದು ಮಿತವ್ಯಯದ ಮಗುವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ನಾಟಕಶಾಲೆಗಳಲ್ಲಿ ಸ್ಥಳವೂ ಸಂಬಳದ ಹಣವೂ ಕಡಿಮೆಯಾದುದರಿಂದ, ಇಬ್ಬರು ಮೂವರು ಬಾರಿಸುತ್ತಿದ್ದ ವಾದ್ಯಗಳನ್ನು ಒಬ್ಬನ ಮುಂದೆಯೇ ಜೋಡಿಸಿದರು. ದೊಡ್ಡ ಡ್ರಮ್ಮನ್ನು ಕಾಲಿನಿಂದ ಹೊಡೆಯುವ ಪೆಡಲನ್ನು ಲುಡ್ವಿಗ್ ಎಂಬುವನು 1909ರಲ್ಲಿ ಸುಧಾರಿಸಿ ಮಾರಾಟಕ್ಕೆ ತಂದನು, ಕೈಗಳೆರಡೂ ಬಿಡುವಾದವು. ಇದ್ದುದನ್ನು ಜಾಣತನದಿಂದ ಜೋಡಿಸುವುದೇ ಈ ವಾದ್ಯದ ಹುಟ್ಟುಗುಣವಾಗಿರಲು, ಬಡ ಶಾಲೆಯು ಅದಕ್ಕೆ ಏಕೆ ಅಂಜಬೇಕು?

ಆದರೆ ಜಾಣತನವು ತಪ್ಪಿದರೆ ಏನಾಗುವುದೆಂಬುದಕ್ಕೆ ನಾನೇ ಸಾಕ್ಷಿಯು. ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗಳಿಗಾಗಿ ಏಳು ಡ್ರಮ್ಮುಗಳ ಹೊಸ ಸೆಟ್ಟೊಂದನ್ನು ಅಗ್ಗದ ಬೆಲೆಗೆ ಕೊಂಡೆನು. ಕನ್ನಡಿಯಂತೆ ಹೊಳೆಯುತ್ತಿತ್ತು; ಮನೆಗೆ ಬಂದವರೆಲ್ಲರೂ ಹೊಗಳಿದರು. ಆರು ತಿಂಗಳಲ್ಲಿ ಪೆಡಲಿನ ಸರಪಳಿ ಕಡಿಯಿತು. ಒಂದು ವರ್ಷದಲ್ಲಿ ತಿರುಪುಗಳ ಎಳೆ ಸವೆದು ಚರ್ಮವು ಬಿಗಿಯಲಾರದೆ ಹೋಯಿತು. ಹಿತ್ತಾಳೆಯ ತಾಳಗಳೋ ಅಡಿಗೆಮನೆಯ ತಟ್ಟೆಯ ದನಿಯನ್ನು ಕೊಟ್ಟು ಕಡೆಗೆ ಬಿರಿದವು. ಹುಡುಗಿಯು ತನ್ನ ಕೈಯೇ ಕೆಟ್ಟದ್ದೆಂದು ತಿಳಿದು ಅಭ್ಯಾಸವನ್ನು ಬಿಟ್ಟಳು. ಹಣ ಹೋದುದಕ್ಕಿಂತ ಇದೇ ನನ್ನನ್ನು ಹೆಚ್ಚಾಗಿ ನೋಯಿಸಿತು. ಬಹುದಿನಗಳ ಮೇಲೆ ಬಲ್ಲವರೊಬ್ಬರು ಬಂದು ನೋಡಿ, ಮರದ ಹೊಳವುಗಳು ಮಾತ್ರ ನೆಟ್ಟಗಿವೆಯೆಂದು ಹೇಳಿದರು. ಅವುಗಳಿಗೇ ಒಳ್ಳೆಯ ಹೊದಿಕೆಗಳನ್ನೂ ಗಟ್ಟಿ ತಿರುಪುಗಳನ್ನೂ ಹಾಕಿಸಿದೆವು. ಅದೇ ಡ್ರಮ್ಮುಗಳು ಗಂಭೀರವಾಗಿ ನುಡಿದವು!

ಈ ಅನುಭವದಿಂದ ಕಲಿತ ಪಾಠವನ್ನು ಸಂಘಕ್ಕೆ ಅರಿಕೆ ಮಾಡುತ್ತೇನೆ. ಡ್ರಮ್ಮನ್ನು ತಿದ್ದಬಹುದು, ತಾಳವನ್ನು ತಿದ್ದಲಾಗದು. ಒಳ್ಳೆಯ ತಾಳವು ಗಂಟೆಯ ಕಂಚಿನದು. ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ತಾಮ್ರವೂ ಇಪ್ಪತ್ತು ಪಾಲು ತವರವೂ ಇರುವುವು. ಹಿತ್ತಾಳೆಯನ್ನು ಎಷ್ಟು ತಿಕ್ಕಿದರೂ ಆ ನಾದ ಬರಲಾರದು. ಆದುದರಿಂದ ನಮ್ಮಲ್ಲಿ ಹತ್ತು ರೂಪಾಯಿಗಳಿದ್ದರೆ, ಆರನ್ನು ತಾಳ, ಪೆಡಲು ಮತ್ತು ಸ್ನೇರ್ ಡ್ರಮ್ಮು ಎಂಬ ಮೂರಕ್ಕೆ ವೆಚ್ಚಮಾಡತಕ್ಕದ್ದು. ಎರಡರಿಂದ ಬಳಸಿದ ಹಳೆಯ ಡ್ರಮ್ಮುಗಳನ್ನು ಕೊಳ್ಳಬಹುದು. ಒಂದರಿಂದ ಹೊಸ ಹೊದಿಕೆಗಳನ್ನು ತರಬಹುದು. ಕಡೆಯ ಒಂದು ರೂಪಾಯಿಯನ್ನು ರಿಪೇರಿಗೆಂದು ಮುಟ್ಟದೆ ಇಡಬೇಕು. ಹಳೆಯ ಡ್ರಮ್ಮನ್ನು ಕೊಳ್ಳುವಾಗ ಹೊದಿಕೆಯನ್ನು ತೆಗೆದು, ಅದನ್ನು ನುಣುಪಾದ ಕಡಪದ ಕಲ್ಲಿನ ಮೇಲೆ ಬೋರಲಾಗಿಟ್ಟು, ಕತ್ತಲೆಯಲ್ಲಿ ಒಳಗೊಂದು ದೀಪವನ್ನು ಹೊತ್ತಿಸಿ ನೋಡಬೇಕು. ಅಂಚಿನ ಕೆಳಗಿನಿಂದ ಬೆಳಕು ಸೋರಿದರೆ ಅಂಚು ಡೊಂಕಾಗಿದೆಯೆಂದೇ ಅರ್ಥವು. ಅಂಥದನ್ನು ಪುಕ್ಕಟೆಯಾಗಿ ಕೊಟ್ಟರೂ ಒಲ್ಲೆನೆನ್ನಬೇಕು.

ಮೊದಲನೆಯ ವರ್ಷ ನಾಲ್ಕೇ ಡ್ರಮ್ಮುಗಳು ಸಾಕು: 22 ಅಂಗುಲದ ದೊಡ್ಡ ಡ್ರಮ್ಮು, 14 ಅಂಗುಲದ ಸ್ನೇರ್, 12 ಮತ್ತು 16 ಅಂಗುಲದ ಎರಡು ಟಾಮುಗಳು. ಎರಡನೆಯ ವರ್ಷ 10 ಅಂಗುಲದ್ದೊಂದು, ಮೂರನೆಯ ವರ್ಷ 14 ಅಂಗುಲದ್ದೊಂದು ಸೇರಲಿ. ಎಲ್ಲವೂ ರೂಢಿಯ ಅಳತೆಗಳಾದುದರಿಂದ ಹೊದಿಕೆಗಳು ಸುಲಭವಾಗಿ ಸಿಗುವುವು. ಎರಡು ದೊಡ್ಡ ಡ್ರಮ್ಮುಗಳಿಲ್ಲದೆ ಶೋಭೆಯಿಲ್ಲವೆನ್ನುವವರಿಗೆ, ಒಂದೇ ಡ್ರಮ್ಮನ್ನು ಎರಡು ಕಾಲುಗಳಿಂದ ನುಡಿಸುವ ಜೋಡಿ ಪೆಡಲಿದೆಯೆಂದು ತಿಳಿಸುತ್ತೇನೆ. ಹಣವೂ ಸ್ಥಳವೂ ಉಳಿಯುವುವು. ಸೆಟ್ಟು ಪೂರ್ಣವಾಗುವವರೆಗೆ ಬಾಲಿಕೆಯರು ಸುಮ್ಮನೆ ಕೂರಬೇಕಾಗಿಲ್ಲ. ಹಲಗೆಯ ತುಂಡಿಗೆ ಹಳೆಯ ಟೈರಿನ ರಬ್ಬರನ್ನು ಅಂಟಿಸಿಕೊಟ್ಟರೆ ಒಂದು ತರಗತಿಯೇ ಏಕಕಾಲದಲ್ಲಿ ಕೈಯನ್ನು ತಿದ್ದಿಕೊಳ್ಳಬಹುದು. ನೆರೆಯ ತರಗತಿಯ ಉಪಾಧ್ಯಾಯಿನಿಗೂ ತೊಂದರೆಯಿಲ್ಲ.

ಒಮ್ಮೆಗೇ ಕೊಂಡು ದಾನಿಯ ಹೆಸರಿನ ಫಲಕವನ್ನು ಹಾಕಿಬಿಡೋಣವೆಂಬ ಸಲಹೆಯೂ ಬಂದಿದೆ. ದಾನಿಗಳ ಔದಾರ್ಯಕ್ಕೆ ನಮಸ್ಕಾರ. ಆದರೆ ಕೊಂಡ ವಾದ್ಯವು ಬೀಗದ ಕೋಣೆಗೆ ಸೇರುವುದು. ಕಟ್ಟಿದ ವಾದ್ಯವು ಕಟ್ಟಿದವರ ಕೈಯಲ್ಲಿ ಇರುವುದು. ಹೊದಿಕೆಯನ್ನು ಎದುರುಬದಿರಾಗಿ ಬಿಗಿಯುತ್ತ ಶ್ರುತಿ ಮಾಡುವ ಬಾಲಿಕೆಯು, ಶ್ರುತಿಯು ಒಂದು ಸ್ಥಾಯಿ ಏರಬೇಕಾದರೆ ಬಿಗಿತವು ನಾಲ್ಮಡಿಯಾಗಬೇಕೆಂಬುದನ್ನು ಬೆರಳುಗಳಿಂದಲೇ ಅರಿಯುವಳು. ಭೌತಶಾಸ್ತ್ರದ ಪುಸ್ತಕದಲ್ಲಿ ಅದೇ ಸೂತ್ರವನ್ನು ಕಂಡಾಗ ಅವಳಿಗೆ ಹಳೆಯ ಗೆಳತಿಯನ್ನು ಕಂಡಂತಾಗುವುದು.

ಈಗ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಮಾತು. ನಾನು ಬೆಳೆದದ್ದು ಸಿರುಗುಪ್ಪದ ಬಳಿಯ ಕೆಂಚನಗುಡ್ಡದಲ್ಲಿ. ತುಂಗಭದ್ರೆಯ ದಂಡೆಯ ಆ ಊರಿನಲ್ಲಿ ಬಾಲ್ಯದಲ್ಲಿ ನಾನು ಕೇಳಿದ ಮೊದಲನೆಯ ಸಂಗೀತವೆಂದರೆ ಜಾತ್ರೆಯ ಡೊಳ್ಳು ಮತ್ತು ಅಲಾಯಿ ಹಬ್ಬದ ಹಲಗೆ. ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ಕಾಯಿಸುವ ಹಿರಿಯರನ್ನು ನಾವು ಮಕ್ಕಳು ದೂರದಿಂದ ನೋಡುತ್ತಿದ್ದೆವು. ದೂರದಿಂದಲೇ ಏಕೆಂಬುದು ಓದುಗರಿಗೆ ತಿಳಿದದ್ದೇ. ಚರ್ಮವನ್ನು ಹದ ಮಾಡುವವರನ್ನೂ ಅದನ್ನು ಬಾರಿಸುವವರನ್ನೂ ಊರು ಹೊರಗಿಟ್ಟಿತು; ಆದರೆ ಅವರ ಹಲಗೆಯಿಲ್ಲದೆ ಆ ಊರಿನ ಹಬ್ಬ ಹೊರಡಲಿಲ್ಲ, ಹೆಣವೂ ಹೊರಡಲಿಲ್ಲ.

ನಮ್ಮ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಹಾಸಿಗೆಯ ಗೆಳತಿಯೊಬ್ಬಳಿದ್ದಳು. ತಂದೆಯು ಏನು ಮಾಡುವರೆಂದು ಯಾರು ಕೇಳಿದರೂ ಕೂಲಿಯೆಂದಷ್ಟೇ ಹೇಳುವಳು. ರಾತ್ರಿ ದೀಪವಾರಿದ ಮೇಲೆ ತನ್ನ ತಗಡಿನ ಪೆಟ್ಟಿಗೆಯ ಮೇಲೆ ಬೆರಳುಗಳಿಂದ ಮೆಲ್ಲನೆ ಬಾರಿಸುವಳು. ಅಂಥ ಲಯವನ್ನು ಆಮೇಲೆ ದೊಡ್ಡ ಸಭಾಂಗಣಗಳಲ್ಲಿಯೂ ನಾನು ಕೇಳಿದ್ದು ವಿರಳ. ಯಾರು ಕಲಿಸಿದರೆಂದು ಒಂದು ರಾತ್ರಿ ಕೇಳಿದೆನು. ಬೆರಳುಗಳು ಥಟ್ಟನೆ ನಿಂತವು. ತಂದೆಯು ಹಲಗೆಯ ಕಲಾವಿದರೆಂಬುದನ್ನು ಆಕೆಯು ನನಗೆ ಹೇಳಿದ್ದು ಶಾಲೆಯನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ. ಸಮಾನತೆಯನ್ನು ಪಠಿಸುತ್ತಿದ್ದ ನಾವು, ಒಬ್ಬ ಬಾಲಿಕೆಯು ತನ್ನ ತಂದೆಯ ವಿದ್ಯೆಯನ್ನು ಕತ್ತಲೆಯಲ್ಲಿ ಮಾತ್ರ ನುಡಿಸುವಂತೆ ಮಾಡಿದೆವು. ಇದರಲ್ಲಿ ನನ್ನ ಪಾಲೂ ಇದೆ. ನಾನು ಮರಳಿ ಕೇಳಲೇ ಇಲ್ಲ.

ಆದುದರಿಂದ ನಮ್ಮ ಸೆಟ್ಟಿನ ಎಡಕ್ಕೆ ಒಂದು ಡೊಳ್ಳು ಸ್ಟ್ಯಾಂಡಿನ ಮೇಲೆ ನಿಲ್ಲಲಿ, ಬಲಕ್ಕೆ ಒಂದು ಹಲಗೆ ತೂಗಲಿ. ಇವುಗಳಿಂದ ಸೆಟ್ಟು ಸಹಜವಾಗಿಯೇ ದೊಡ್ಡದಾಗುವುದು, ವೆಚ್ಚವು ಮಾತ್ರ ದೊಡ್ಡದಾಗದು. 1950ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಪ್ಲಾಸ್ಟಿಕ್ ಹೊದಿಕೆಗಳು ಮಳೆಗಾಲದ ತೇವಕ್ಕೆ ಜಗ್ಗುವುದಿಲ್ಲವೆಂಬುದು ನಿಜ. ಆದರೆ ಆಡು ಕುರಿಗಳ ಚರ್ಮದ ಬೆಚ್ಚನೆಯ ದನಿ ಅವುಗಳಿಗೆ ಬಾರದು. ಎರಡೂ ಇರಲಿ. ಡೊಳ್ಳು ಹಲಗೆಗಳನ್ನು ಮಾಡುವವರಿಂದಲೇ ನ್ಯಾಯವಾದ ಬೆಲೆಗೆ, ಚೌಕಾಸಿಯಿಲ್ಲದೆ ಕೊಳ್ಳೋಣ. ಮತ್ತು ಅವರನ್ನು ಗುರುಗಳೆಂದು ಕರೆದು, ವೇದಿಕೆಯ ಮೇಲೆ ಕುರ್ಚಿಯಿಟ್ಟು, ಬಾಲಿಕೆಯರಿಗೆ ಪಾಠ ಹೇಳಿಸೋಣ. ಆ ದಿನ ಸಭೆಯಲ್ಲಿ ಕುಳಿತ ಯಾವ ಬಾಲಿಕೆಯೂ, ಅವರು ನನ್ನ ತಂದೆಯೆಂದು ಹೇಳಲು ತಲೆ ತಗ್ಗಿಸಲಾರಳು.

ಸೋದರಿಯರೇ, ಪೋಷಕರೇ! ದೊಡ್ಡ ಮೊತ್ತವನ್ನು ನಾನು ಕೇಳುವುದಿಲ್ಲ. ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಮೂಕವಾಗಿ ಬಿದ್ದಿರುವ ಡ್ರಮ್ಮೊಂದಿದ್ದರೆ ಕಳುಹಿಸಿರಿ. ಬಡಗಿಯ ಕೆಲಸ ಬಲ್ಲವರು ಒಂದು ದಿನದ ದುಡಿಮೆಯನ್ನು ಕೊಡಿರಿ. ಉಳಿದವರು ವರ್ಷಕ್ಕೊಂದು ಹೊದಿಕೆಯ ಬೆಲೆಯನ್ನು ಕೊಡಿರಿ. ಮೂರು ವರ್ಷಗಳಲ್ಲಿ ಸೆಟ್ಟು ನಿಲ್ಲುವುದೆಂಬ ಭರವಸೆ ನನಗಿದೆ. ಅದರ ಮುಂದೆ ಮೊದಲು ಕುಳಿತುಕೊಳ್ಳುವ ಬಾಲಿಕೆಯು ಯಾರೆಂದು ನಾನು ಅರಿಯೆ. ಅವಳು ಹಗಲಿನ ಬೆಳಕಿನಲ್ಲಿ, ಎಲ್ಲರೂ ಕೇಳುವಂತೆ ಬಾರಿಸಲಿ ಎಂಬುದೊಂದೇ ನನ್ನ ವಿನಯಪೂರ್ವಕವಾದ ಅರಿಕೆ.