ಕಾಯಕದ ಸಮೀಪವೇ ಮನೆಯಿರಲಿ

ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಆಯ್ದಕ್ಕಿ ಲಕ್ಕಮ್ಮ. ಈ ಶರಣರ ಹೆಸರುಗಳನ್ನು ಉಚ್ಚರಿಸುವಾಗ ಮೊದಲು ನಾಲಗೆಗೆ ಬರುವುದು ಅವರ ಕಾಯಕ. ಬುಟ್ಟಿ ಹೆಣೆಯುವವನೂ ಹಗ್ಗ ಹೊಸೆಯುವವನೂ ಬಟ್ಟೆ ಮಡಿ ಮಾಡುವವನೂ ಕಲ್ಯಾಣಕ್ಕೆ ಬೇಕಾಗಿದ್ದರು. ಹಾಗೆಯೇ ಕಲ್ಯಾಣದಲ್ಲಿ ಅವರಿಗೊಂದು ಸ್ಥಾನವೂ ಇತ್ತು. ಕಾಯಕ ಬೇಕು, ಕಾಯಕಜೀವಿ ಮಾತ್ರ ಕಣ್ಣಿಗೆ ಕಾಣದಷ್ಟು ದೂರದಲ್ಲಿರಲಿ ಎಂಬ ನೀತಿ ಶರಣರದಲ್ಲ. ಅದು ಇಂದಿನ ನಗರಗಳದ್ದು.

ಮೈಸೂರಿನ ಜಯಲಕ್ಷ್ಮಿಪುರಂ ಬಡಾವಣೆಯನ್ನು ನೋಡಬಹುದು. ಮರಗಳ ನೆರಳು, ಅಗಲವಾದ ಬೀದಿಗಳು, ಶಾಲೆ-ಕಾಲೇಜುಗಳು, ಕಾಂಪೌಂಡಿನ ಒಳಗೆ ಹೂಗಿಡಗಳಿರುವ ಮನೆಗಳು. ಇದರ ಪಕ್ಕದಲ್ಲಿಯೇ ಪಡುವಾರಹಳ್ಳಿ. ವಿನಾಯಕನಗರವೆಂಬ ಹೊಸ ಹೆಸರು ಬಂದಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಹಳ್ಳಿ ನಗರಕ್ಕೆ ಬರಲಿಲ್ಲ, ನಗರವೇ ಬೆಳೆದು ಹಳ್ಳಿಯನ್ನು ಸುತ್ತುವರಿಯಿತು. ಬೆಳಗ್ಗೆ ಪಾತ್ರೆ ತೊಳೆದು ನೆಲ ಒರೆಸುವ ತಾಯಂದಿರು, ಹೂ ಮಾರುವವರು, ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಲ್ಲುವವರು ಇಂತಹ ಹಳೆಯ ಕೇರಿಗಳಿಂದ ಕೆಲಸಕ್ಕೆ ನಡೆದೇ ಬರಬಲ್ಲರು. ಎರಡು ಮನೆಗಳ ಕೆಲಸ ಮುಗಿಸಿ, ಮಗುವಿಗೆ ಊಟ ಹಾಕಿ, ಮೂರನೆಯ ಮನೆಗೆ ಹೋಗುವುದು ಅವರಿಗೆ ಸಾಧ್ಯ. ಈ ಸಾಮೀಪ್ಯವೇ ಅವರ ಬಂಡವಾಳ. ಯಾವ ಯೋಜನೆಯ ಕಡತದಲ್ಲಿಯೂ ಅದಕ್ಕೆ ಒಂದು ಕಾಲಂ ಇರುವುದಿಲ್ಲ.

ಬಡವರ ವಸತಿಯ ಚಿಂತೆ ಮೈಸೂರಿಗೆ ಹೊಸದಲ್ಲ. ಪ್ಲೇಗಿನ ಹಾವಳಿಯ ನಂತರ 1903ರಲ್ಲಿ ಇಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಸ್ಥಾಪನೆಯಾಯಿತು. ದೇಶದ ಇಂತಹ ಮೊದಲ ಕೆಲವೇ ಸಂಸ್ಥೆಗಳಲ್ಲಿ ಇದೂ ಒಂದು. ಇಕ್ಕಟ್ಟಾದ ಗಲ್ಲಿಗಳನ್ನು ಅಗಲಗೊಳಿಸಿ, ಚರಂಡಿ ತೋಡಿಸಿ, ಹೊಸ ಬಡಾವಣೆಗಳನ್ನು ನಿರ್ಮಿಸಿದ ಕೀರ್ತಿ ಅದರದು. 1988ರಲ್ಲಿ ಅದರ ಹೊಣೆ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಬಂದಿತು. ದೇವರಾಜ ಅರಸು ಅವರ ಕಾಲದ ಜನತಾ ಮನೆಗಳು, 1990ರ ದಶಕದ ಆಶ್ರಯ ಮನೆಗಳು, ಕೊಳೆಗೇರಿ ಮಂಡಳಿಯ ಕಟ್ಟಡಗಳು, 2015ರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆ, ಹೀಗೆ ಸರ್ಕಾರಗಳು ಬದಲಾದಂತೆ ಹೆಸರುಗಳೂ ಬದಲಾದವು. ರಾಜ್ಯದ ಒಂದು ಗ್ರಾಮೀಣ ವಸತಿ ಯೋಜನೆಗೆ ಬಸವಣ್ಣನವರ ಹೆಸರನ್ನೇ ಇಡಲಾಗಿದೆ. ಲಕ್ಷಾಂತರ ಕುಟುಂಬಗಳಿಗೆ ಇವುಗಳಿಂದ ಸೂರು ದೊರೆತಿದೆ ಎಂಬುದನ್ನು ಮರೆಯುವುದು ಕೃತಘ್ನತೆಯಾಗುತ್ತದೆ.

ಆದರೆ ಎಣಿಕೆಯೊಂದೇ ಸಾಧನೆಯ ಅಳತೆಗೋಲಾದಾಗ ಮನೆ ಎಲ್ಲಿದೆ ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. 2012ರಲ್ಲಿ ಕೇಂದ್ರ ಸರ್ಕಾರದ ತಜ್ಞರ ಸಮಿತಿಯು ದೇಶದ ನಗರಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆ ಎಂದು ಅಂದಾಜು ಮಾಡಿತು. ಆ ಕೊರತೆಯ ಶೇಕಡಾ 95ಕ್ಕೂ ಹೆಚ್ಚು ಪಾಲು ಅತಿ ಬಡವರದು ಮತ್ತು ಕಡಿಮೆ ಆದಾಯದವರದು. 2011ರ ಜನಗಣತಿಯೋ ಅದೇ ನಗರಗಳಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಮನೆಗಳು ಖಾಲಿಯಿವೆ ಎಂದು ಹೇಳಿತ್ತು. ಮನೆಯಿಲ್ಲದ ಜನ ಒಂದು ಕಡೆ, ಜನರಿಲ್ಲದ ಮನೆ ಇನ್ನೊಂದು ಕಡೆ. ಸರ್ಕಾರವೇ ಕಟ್ಟಿಸಿದ ಮನೆಗಳೂ ಇದಕ್ಕೆ ಹೊರತಲ್ಲ. 2020ರಲ್ಲಿ ಬಾಡಿಗೆ ವಸತಿ ಯೋಜನೆಯನ್ನು ಪ್ರಕಟಿಸುವಾಗ, ಹಿಂದಿನ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಸುಮಾರು 1.08 ಲಕ್ಷ ಮನೆಗಳನ್ನು ಬಳಸಿಕೊಳ್ಳುವುದಾಗಿ ಕೇಂದ್ರ ಸರ್ಕಾರ ತಿಳಿಸಿತು. ಸೂರಿಲ್ಲದವನು ಸೂರನ್ನು ಏಕೆ ಒಲ್ಲೆನೆಂದನು? ಕಾರಣಗಳು ಹಲವಿದ್ದರೂ ಎದ್ದು ಕಾಣುವುದು ದೂರ. ಅಗ್ಗದ ಭೂಮಿ ಊರ ಅಂಚಿನಲ್ಲಿ ಸಿಗುತ್ತದೆ, ಅಲ್ಲಿಯೇ ಬಡವರ ಮನೆ ಏಳುತ್ತದೆ; ಕೆಲಸ ಮಾತ್ರ ಊರ ಒಳಗೇ ಉಳಿದಿರುತ್ತದೆ.

ಈ ಸತ್ಯವನ್ನು ಸರ್ವೋಚ್ಚ ನ್ಯಾಯಾಲಯ 1985ರಷ್ಟು ಹಿಂದೆಯೇ ಗುರುತಿಸಿತ್ತು. ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸಿಸುತ್ತಿದ್ದವರ ಪ್ರಕರಣದಲ್ಲಿ, ಜೀವಿಸುವ ಹಕ್ಕಿನೊಳಗೆ ಜೀವನೋಪಾಯದ ಹಕ್ಕೂ ಸೇರಿದೆ ಎಂದು ಅದು ಹೇಳಿತು. ಜನ ಅಂತಹ ಸ್ಥಳದಲ್ಲಿ ಇರುವುದು ಕೆಲಸ ಹತ್ತಿರವಿರುವುದರಿಂದ, ಅಲ್ಲಿಂದ ಎಬ್ಬಿಸಿದರೆ ಕೆಲಸವೂ ಹೋಗುತ್ತದೆ ಎಂಬುದು ಆ ವಿಚಾರದ ತಿರುಳು. ಶರಣರ ಭಾಷೆಯಲ್ಲಿ ಹೇಳುವುದಾದರೆ, ಕಾಯಕದಿಂದ ಬೇರ್ಪಟ್ಟ ಮನೆ ಅರ್ಧ ಮನೆ.

ಈಗಿನ ಯೋಜನೆಗಳ ರಚನೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಬೇಕು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಮೊದಲ ಹಂತದಲ್ಲಿ ಸುಮಾರು 1 ಕೋಟಿ 18 ಲಕ್ಷ ಮನೆಗಳು ಮಂಜೂರಾದವು. ಅವುಗಳಲ್ಲಿ ಅತಿ ದೊಡ್ಡ ಪಾಲು, ಸ್ವಂತ ನೆಲವಿದ್ದವರು ತಾವೇ ಮನೆ ಕಟ್ಟಿಕೊಳ್ಳಲು ನೀಡುವ ನೆರವಿನದು. ನೆಲವೇ ಇಲ್ಲದವನು ಆ ಬಾಗಿಲನ್ನು ತಟ್ಟುವಂತಿಲ್ಲ. ಕೊಳೆಗೇರಿಯ ಜನರಿಗೆ ಅವರು ಇರುವಲ್ಲಿಯೇ ಹೊಸ ಮನೆ ಕಟ್ಟಿಕೊಡುವ ವಿಭಾಗಕ್ಕೆ ಸಂದದ್ದು ಕೆಲವೇ ಲಕ್ಷ ಮನೆಗಳು. ಯಾವುದು ಹೆಚ್ಚು ಬೇಕಾಗಿತ್ತೋ ಅದೇ ಕಡಿಮೆಯಾಯಿತು.

ಇದರ ಮತ್ತೊಂದು ಮುಖ ನಿವೇಶನದ ಹಂಬಲ. ಆಯ್ದಕ್ಕಿ ಮಾರಯ್ಯ ಒಮ್ಮೆ ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗ ಎಲ್ಲರಿಗೂ ತಿಳಿದದ್ದು. ನಾಳೆಗೆಂದು ಕೂಡಿಡುವುದು ಇನ್ನೊಬ್ಬರ ಇಂದಿನ ಅನ್ನವನ್ನು ಕಸಿದಂತೆ ಎಂಬುದು ಆ ತಾಯಿಯ ನಿಲುವು. ಮೈಸೂರಿನಲ್ಲಿ ನಿವೇಶನವೆಂಬುದು ಮನೆ ಕಟ್ಟುವ ನೆಲವಾಗಿ ಉಳಿಯದೆ, ಮಕ್ಕಳ ಮದುವೆಗೂ ವಿದ್ಯೆಗೂ ಮೊಮ್ಮಕ್ಕಳ ಭವಿಷ್ಯಕ್ಕೂ ತೆಗೆದಿಡುವ ಇಡುಗಂಟಾಗಿದೆ. ಬೇಲಿ ಹಾಕಿ, ಪಾರ್ಥೇನಿಯಂ ಬೆಳೆಯಲು ಬಿಟ್ಟ ಖಾಲಿ ನಿವೇಶನಗಳಿಲ್ಲದ ಹೊಸ ಬಡಾವಣೆಯನ್ನು ಕಾಣುವುದು ಕಷ್ಟ. 2024ರಲ್ಲಿ ಬದಲಿ ನಿವೇಶನಗಳ ಹಂಚಿಕೆಯ ವಿವಾದ ಇಡೀ ರಾಜ್ಯದ ಸುದ್ದಿಯಾಯಿತು. ಅದರಲ್ಲಿ ತಪ್ಪು ಯಾರದೆಂಬುದನ್ನು ನ್ಯಾಯಾಲಯಗಳು ಹೇಳಲಿ. ಆ ಗದ್ದಲದಲ್ಲಿ ವರ್ಷಗಟ್ಟಲೆ ಅರ್ಜಿ ಹಿಡಿದು ಕಾಯುವ ಸಾಮಾನ್ಯನ ಮಾತು ಕೇಳಿಸಲಿಲ್ಲ ಎಂಬುದು ಹೆಚ್ಚು ದುಃಖದ ಸಂಗತಿ. ಒಬ್ಬರ ಮನೆಗೆ ಅಗತ್ಯವಿಲ್ಲದ ನಾಲ್ಕನೆಯ ನಿವೇಶನವು ನೆಲದ ಬೆಲೆಯನ್ನು ಏರಿಸುತ್ತದೆ. ಆ ಬೆಲೆ ಮನೆಗೆಲಸದ ತಾಯಿಯನ್ನು ರಿಂಗ್ ರಸ್ತೆಯ ಆಚೆಗೆ ತಳ್ಳುತ್ತದೆ.

ನಗರದ ಒಳಗೆ ಭೂಮಿ ದುಬಾರಿ, ಸರ್ಕಾರ ಏನು ಮಾಡಲು ಸಾಧ್ಯ ಎಂಬ ಆಕ್ಷೇಪವಿದೆ. 2023ರ ಜೂನ್‌ನಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತ, ದೂರವಿದ್ದರೇನು ಎಂಬ ಮಾತೂ ಇದೆ. ಬಸ್ಸಿನ ಉಚಿತ ಪ್ರಯಾಣ ದೊಡ್ಡ ಆಸರೆಯೇ ಸರಿ. ಆದರೆ ಟಿಕೆಟ್ಟಿನ ಹಣವನ್ನು ಸರ್ಕಾರ ಕೊಡಬಹುದು, ನಿಲ್ದಾಣದಲ್ಲಿ ಕಾದ ಹೊತ್ತನ್ನು ಕೊಡಲಾಗದು. ಬೆಳಗಿನ ಆರು ಗಂಟೆಗೆ ಬಾಗಿಲು ತಟ್ಟಬೇಕಾದವಳಿಗೆ ಆರೂವರೆಯ ಬಸ್ಸಿನಿಂದ ಪ್ರಯೋಜನವಿಲ್ಲ. ಭೂಮಿಯ ಬೆಲೆಯ ವಿಷಯದಲ್ಲಿಯೂ ದಾರಿಯಿದೆ. ಮೂಲೆ ನಿವೇಶನಗಳನ್ನು ಪ್ರಾಧಿಕಾರಗಳು ಹರಾಜಿನಲ್ಲಿ ಮಾರುತ್ತವೆ. ಆ ಲಾಭದ ಒಂದು ನಿಶ್ಚಿತ ಪಾಲನ್ನು ಅದೇ ಬಡಾವಣೆಯೊಳಗೆ ಚಿಕ್ಕ ಮನೆಗಳನ್ನು ಕಟ್ಟಲು ಮೀಸಲಿಡಬಹುದಲ್ಲವೇ? ಕೊಳೆಗೇರಿ ಮಂಡಳಿಯ ಮನೆಗಳಿಗೆ ಫಲಾನುಭವಿ 1 ಲಕ್ಷ ರೂಪಾಯಿ ಕೊಟ್ಟರೆ ಸಾಕು, ಉಳಿದ ಪಾಲನ್ನು ತಾನು ಭರಿಸುವೆನೆಂದು ರಾಜ್ಯ ಸರ್ಕಾರ 2023ರ ಡಿಸೆಂಬರಿನಲ್ಲಿ ನಿರ್ಧರಿಸಿತು. ಮನಸ್ಸಿದ್ದರೆ ಹಣ ಒದಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಆದುದರಿಂದ ಮೂರು ಕೆಲಸಗಳು ಆಗಬೇಕು. ಪಡುವಾರಹಳ್ಳಿಯಂತಹ ಹಳೆಯ ಕೇರಿಗಳಲ್ಲಿ ಇರುವವರಿಗೆ ಇದ್ದಲ್ಲಿಯೇ ಹಕ್ಕುಪತ್ರ ಮತ್ತು ದುರಸ್ತಿಯ ನೆರವು ಸಿಗಬೇಕು. ಹೊಸ ಬಡಾವಣೆಗಳಲ್ಲಿ ಬಡವರ ಮನೆಗಳು ಅಂಚಿಗೆ ಸರಿಯದೆ ಉಳಿದವರ ಬೀದಿಗಳ ನಡುವೆಯೇ ಬರಬೇಕು. ಸ್ವಂತ ಮನೆ ಸಾಧ್ಯವಾಗದವರಿಗೆ ಕೆಲಸದ ಸಮೀಪ ನ್ಯಾಯವಾದ ಬಾಡಿಗೆಯ ಸರ್ಕಾರಿ ವಸತಿ ಬೇಕು. 2024ರಲ್ಲಿ ಆರಂಭವಾದ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿ ಬಾಡಿಗೆ ವಸತಿಗೂ ಅವಕಾಶವಿದೆ. ಅದು ಕಾಗದದಿಂದ ಬೀದಿಗೆ ಇಳಿಯಬೇಕು.

ಸರ್ಕಾರ ಇದನ್ನು ಮಾಡಿದರೂ ಸಾಲದು. ತಮ್ಮ ಬೀದಿಯಲ್ಲಿ ಇಂತಹ ಮನೆಗಳು ಬರುತ್ತವೆಂದಾಗ ತಕರಾರು ಅರ್ಜಿ ಬರೆಯುವವರು ಮೊದಲು ತಮ್ಮ ಮನೆಯ ನೆಲವನ್ನು ಒರೆಸುವವರು ಎಲ್ಲಿಂದ ಬರುತ್ತಾರೆ ಎಂದು ಒಮ್ಮೆ ವಿಚಾರಿಸಬೇಕು. ಆ ಕೈಗಳ ಸೇವೆಯನ್ನು ಸ್ವೀಕರಿಸುವ ಬೀದಿ ಆ ಜನರ ನೆರೆಯನ್ನೂ ಸ್ವೀಕರಿಸಬೇಕು. ಕಾಯಕವನ್ನು ಕೈಲಾಸವೆಂದು ಹೇಳುವ ನಾಡಿನಲ್ಲಿ ಕಾಯಕಜೀವಿಯ ಮನೆ ಊರಾಚೆ ಇರಬಾರದು.