ಅನುದಾನವು ರೋಗಿಯ ಮನೆಯವರೆಗೆ ಬರಲಿ

ಅಫೀಮು ವರ್ಗದ ಮಾದಕಗಳಿಂದ ಬಾಧಿತರಾಗಿ ನೆರವು ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷವೆಂದು ಕೇಂದ್ರ ಸರ್ಕಾರದ 2019ರ ಸಮೀಕ್ಷೆ ತಿಳಿಸಿತು. ಇದಕ್ಕೆ ಬ್ಯುಪ್ರಿನಾರ್ಫಿನ್‌ನಂತಹ ಔಷಧವುಂಟು. ಅದನ್ನು ದೀರ್ಘಕಾಲ ತಪ್ಪದೆ ಸೇವಿಸಬೇಕು. ಚಿಕಿತ್ಸೆಯನ್ನು ನಡುವೆ ಬಿಟ್ಟವನು ಮರಳಿ ಹಳೆಯ ಪ್ರಮಾಣದ ಮಾದಕಕ್ಕೆ ಕೈಹಾಕಿದರೆ ಪ್ರಾಣವೇ ಹೋದೀತು.

ಸರ್ಕಾರದ ಅನುದಾನವು ವ್ಯಸನಮುಕ್ತಿ ಕೇಂದ್ರಗಳ ಹಾಸಿಗೆಗೆ, ಸಿಬ್ಬಂದಿಗೆ ಸಲ್ಲುತ್ತದೆ. ಆದರೆ ಅಡರಕಟ್ಟಿಯ ಕೂಲಿಕಾರನೊಬ್ಬನು ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿಬರಬೇಕಾದರೆ ಅಂದಿನ ಕೂಲಿಯನ್ನೇ ಕಳೆದುಕೊಳ್ಳಬೇಕು. ಪ್ರಯಾಣವೆಚ್ಚ, ಭೇಟಿ ತಪ್ಪಿದಾಗ ವಿಚಾರಿಸುವ ದೂರವಾಣಿ ಕರೆ, ಲಕ್ಷ್ಮೇಶ್ವರದಲ್ಲಿಯೇ ಔಷಧ ವಿತರಣೆ: ಅನುದಾನದಲ್ಲಿ ಇವಕ್ಕೂ ಪಾಲಿರಬೇಕು.

ಇಳಕಲ್ಲಿನ ಮಹಾಂತ ಶಿವಯೋಗಿಗಳು ವ್ಯಸನಿಗಳು ಮಠಕ್ಕೆ ಬರಲೆಂದು ಕಾಯದೆ, ಜೋಳಿಗೆ ಹಿಡಿದು ಅವರಿದ್ದಲ್ಲಿಗೇ ಹೋಗಿ ದುಶ್ಚಟಗಳ ಭಿಕ್ಷೆ ಬೇಡಿದರು. ಚಿಕಿತ್ಸೆಯೂ ಆ ದಾರಿಯನ್ನೇ ಹಿಡಿಯಲಿ.